ಸಕೆಲ್ಲುಮ್ ಮತ್ತು ಬಸದಿ: ಎರಡು ಪದಗಳ ಅರ್ಥವಿಚಾರ

ಪೂಜಾಸ್ಥಳಕ್ಕೆ ಇಟ್ಟ ಹೆಸರು ಅದನ್ನು ಕಟ್ಟಿದವರ ಧರ್ಮದೃಷ್ಟಿಯನ್ನೂ ಸೂಚಿಸುತ್ತದೆ. ಪ್ರಾಚೀನ ರೋಮಿನಲ್ಲಿ ದೇವತೆಗೆ ಮೀಸಲಾದ, ಬಲಿಪೀಠವುಳ್ಳ ಕಿರಿದಾದ ಸ್ಥಳವನ್ನು ಲ್ಯಾಟಿನ್ನಿನಲ್ಲಿ ‘ಸಕೆಲ್ಲುಮ್’ ಎನ್ನುತ್ತಿದ್ದರು. ‘ಸಕೆರ್’ (ಪವಿತ್ರ), ‘ಕೆಲ್ಲಾ’ (ಕೋಣೆ) ಎಂಬೆರಡು ಪದಗಳು ಕೂಡಿ ಇದು ಆಯಿತೆಂದು ನ್ಯಾಯವೇತ್ತ ಟ್ರೆಬಾಟಿಯಸ್ ಹೇಳಿದನು. ಕ್ರಿ.ಶ. 2ನೆಯ ಶತಮಾನದ ಔಲಸ್ ಗೆಲಿಯಸ್ ಅದನ್ನು ಅಲ್ಲಗಳೆದು, ಇದು ಸಮಾಸವಲ್ಲ, ‘ಸಕ್ರುಮ್’ ಎಂಬುದರ ಅಲ್ಪಾರ್ಥಕ ರೂಪವೆಂದು ಸ್ಪಷ್ಟಪಡಿಸಿದನು. ಹಾಗೆ ನೋಡಿದರೆ ಪದದ ಜೀವ ಕಟ್ಟಡದಲ್ಲಿಲ್ಲ, ಮೀಸಲಿನಲ್ಲಿದೆ; ಮೇಲ್ಛಾವಣಿಯಿಲ್ಲದ ಸ್ಥಳವೂ ಸಕೆಲ್ಲುಮ್ ಆಗಬಹುದಿತ್ತು. ಮುಂದೆ ಕ್ರೈಸ್ತರು ಇದೇ ಪದವನ್ನು ಪ್ರಾರ್ಥನಾಮಂದಿರಕ್ಕೆ ಬಳಸಿದರು. ವ್ಯಾಟಿಕನ್ನಿನ ಸಿಸ್ಟೀನ್ ಮಂದಿರದ ಲ್ಯಾಟಿನ್ ಹೆಸರು ‘ಸಕೆಲ್ಲುಮ್ ಸಿಕ್ಸ್ಟೀನುಮ್’.

ಕನ್ನಡದ ‘ಬಸದಿ’ಯ ಹಾದಿ ಬೇರೆ. ಇದು ಸಂಸ್ಕೃತ ‘ವಸತಿ’ಯ ತದ್ಭವ, ವಕಾರ ಬಕಾರವಾಗಿ, ತಕಾರ ದಕಾರವಾಗಿದೆ. ಪದದಲ್ಲಿ ಪಾವಿತ್ರ್ಯದ ಸೂಚನೆಯಿಲ್ಲ, ವಾಸದ ಸೂಚನೆ ಮಾತ್ರವಿದೆ. ‘ಜಿನಾಲಯ’ವೆಂದಾಗ ಅದು ಯಾರ ಆಲಯವೆಂಬುದು ತಿಳಿಯುತ್ತದೆ, ‘ಬಸದಿ’ ವಾಸಿಯನ್ನು ಹೆಸರಿಸುವುದಿಲ್ಲ. ಸಿದ್ಧಪದವನ್ನೇರಿದ ಜಿನನು ಬಿಂಬದಲ್ಲಿ ಬಂದು ನೆಲೆಸುವನೆಂದು ಜೈನ ಸಿದ್ಧಾಂತ ಒಪ್ಪದು. ಹಾಗಾದರೆ ಇದು ಯಾರ ವಸತಿ?

ಗದಗ ಸೀಮೆಯ ಶಾಸನಗಳು ಉತ್ತರದ ದಾರಿ ತೋರುತ್ತವೆ. ಮುಳಗುಂದದಲ್ಲಿ ಚಿಕಾರ್ಯನು ಕಟ್ಟಿಸಿದ ಜಿನಾಲಯಕ್ಕೆ ಅವನ ಮಗ ಅರಸಾರ್ಯನು ಕ್ರಿ.ಶ. 902ರ ಸುಮಾರಿಗೆ ಭೂಮಿಯನ್ನು ಬಿಟ್ಟಾಗ, ದಾನವನ್ನು ಸ್ವೀಕರಿಸಿದವರು ಕನಕಸೇನ ಮುನಿಗಳು. ಪುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಗಂಗಕಂದರ್ಪ ಜಿನೇಂದ್ರಮಂದಿರಕ್ಕೆ ಗಂಗ ಮಾರಸಿಂಹನು ಶಕ 890ರಲ್ಲಿ (ಕ್ರಿ.ಶ. 968) ನೀಡಿದ ದತ್ತಿಯೂ ಜಯದೇವ ಪಂಡಿತನ ಮೂಲಕವೇ ಸಂದಿತು. ದೇಗುಲವೆಂದರೆ ಬಿಂಬವಷ್ಟೇ ಅಲ್ಲ. ಅದನ್ನು ಆಶ್ರಯಿಸಿದ ಗುರುಪರಂಪರೆಯೂ ಹೌದು. ಮುನಿಗಳ ಆಹಾರದಾನ, ಕಟ್ಟಡದ ಜೀರ್ಣೋದ್ಧಾರ ಇವು ಜೈನ ದತ್ತಿಗಳಲ್ಲಿ ಮತ್ತೆ ಮತ್ತೆ ಬರುವ ಉದ್ದೇಶಗಳು.

ಇದೇ ಪದ ಗುಜರಾತಿನಲ್ಲಿ ವಿರುದ್ಧ ದಿಕ್ಕಿಗೆ ಸರಿಯಿತು. 11ನೆಯ ಶತಮಾನದಲ್ಲಿ ಅಣಹಿಲಪಾಟಣದ ದುರ್ಲಭರಾಜನ ಆಸ್ಥಾನದಲ್ಲಿ ಜಿನೇಶ್ವರಸೂರಿಗಳು ಚೈತ್ಯವಾಸಿಗಳೊಡನೆ ವಾದ ಮಾಡಿದರೆಂದು ಶ್ವೇತಾಂಬರ ಪರಂಪರೆ ಹೇಳುತ್ತದೆ. ಸಾಧುಗಳು ದೇಗುಲದಲ್ಲಿ ನೆಲೆಸದೆ ಶ್ರಾವಕರು ಕೊಟ್ಟ ಬಿಡಾರದಲ್ಲಿ ತಂಗಬೇಕೆಂಬುದು ಅವರ ಪಕ್ಷ. ಆ ಬಿಡಾರದ ಹೆಸರೇ ‘ವಸತಿ’. ಅಲ್ಲಿ ವಸತಿ ಚೈತ್ಯಕ್ಕೆ ಪ್ರತಿಪದ, ಕನ್ನಡದಲ್ಲಿ ವಸತಿಯೇ ಚೈತ್ಯ.

ಇಂದು ಲಕ್ಷ್ಮೇಶ್ವರದ ಶಂಖಬಸದಿಯನ್ನೂ ಅತ್ತಿಮಬ್ಬೆ ಕಟ್ಟಿಸಿದ ಲಕ್ಕುಂಡಿಯ ಬ್ರಹ್ಮಜಿನಾಲಯವನ್ನೂ ಶಿಲ್ಪಕ್ಕಾಗಿಯೇ ನೋಡುವುದು ರೂಢಿಯಾಗಿದೆ. ಪಾವಿತ್ರ್ಯದಿಂದ ಹೆಸರಾದ ಸ್ಥಳ ಜನರಿಲ್ಲದೆಯೂ ತನ್ನ ಅರ್ಥವನ್ನು ಉಳಿಸಿಕೊಳ್ಳಬಲ್ಲದು. ವಾಸದಿಂದ ಹೆಸರಾದ ಬಸದಿಗೆ ಅದು ಸಾಧ್ಯವಿಲ್ಲ. ಓದುವವರು, ಉಣಬಡಿಸುವವರು, ಬೋಧಿಸುವವರು ಇದ್ದಾಗಲೇ ಅದು ತನ್ನ ಹೆಸರಿಗೆ ತಕ್ಕುದಾಗಿತ್ತು.