ಬೈಬಲಿನ ವಿವಾಹಧರ್ಮ: ಏಕಪತ್ನಿಯೂ ಸವತಿಯೂ

ಹುಬ್ಬಳ್ಳಿಯ ಬೆಂಗೇರಿ ಎಂದೊಡನೆ ಇಂದಿನವರಿಗೆ ರಾಷ್ಟ್ರಧ್ವಜದ ಖಾದಿ ನೆನಪಾಗುವುದು ಸಹಜ. ಆದರೆ ಆ ಊರು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅದರ ಸುತ್ತಣ ಹುಬ್ಬಳ್ಳಿ–ಧಾರವಾಡ ಸೀಮೆಯು ವಿವಾಹದ ವಿಷಯದಲ್ಲಿ ಎರಡು ಹೊಸ ಕಟ್ಟಳೆಗಳನ್ನು ಕಂಡಿತು. ಮೊದಲನೆಯದು ಬಾಸೆಲ್ ಮಿಷನ್ನಿನ ಪಾದ್ರಿಗಳೊಡನೆ ಬಂದದ್ದು. ಅವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಎರಡನೆಯದು 1946ರಲ್ಲಿ ಮುಂಬಯಿ ಪ್ರಾಂತದಲ್ಲಿ ಜಾರಿಗೆ ಬಂದ ಹಿಂದೂ ದ್ವಿವಿವಾಹ ನಿಷೇಧದ ಶಾಸನ. ಒಂದು ಮತದ ಕಟ್ಟಳೆ, ಇನ್ನೊಂದು ಸರ್ಕಾರದ ಕಟ್ಟಳೆ. ಒಬ್ಬನಿಗೆ ಒಬ್ಬಳೇ ಪತ್ನಿ ಎಂಬುದು ಎರಡರ ನಿಯಮವೂ ಹೌದು. ಎರಡಕ್ಕೂ ಎದುರಾದ ತೊಡಕು ಸಹ ಒಂದೇ: ಹೊಸ ನಿಯಮ ಬರುವ ಹೊತ್ತಿಗೆ ಇಬ್ಬರು ಹೆಂಡಿರಿರುವ ಮನೆಯ ಗತಿ ಏನು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬೈಬಲಿನ ವಿವಾಹಧರ್ಮವನ್ನು ಸ್ವಲ್ಪ ಪರಿಶೀಲಿಸೋಣ.

ಕ್ರೈಸ್ತರ ಧರ್ಮಗ್ರಂಥವು ಮೊದಲಿನಿಂದ ಕೊನೆಯವರೆಗೆ ಏಕಪತ್ನೀತ್ವವನ್ನೇ ವಿಧಿಸುತ್ತದೆಂದು ಅನೇಕರು ಭಾವಿಸಿದ್ದಾರೆ. ಗ್ರಂಥವನ್ನು ತೆರೆದು ನೋಡಿದರೆ ವಿಷಯ ಅಷ್ಟು ಸರಳವಲ್ಲ. ಆದಿಕಾಂಡದ ನಾಲ್ಕನೆಯ ಅಧ್ಯಾಯದಲ್ಲಿಯೇ ಲೆಮೆಕನೆಂಬವನು ಇಬ್ಬರು ಹೆಂಡಿರನ್ನು ಮಾಡಿಕೊಳ್ಳುತ್ತಾನೆ. ಅಬ್ರಹಾಮನಿಗೆ ಸಾರಳೊಡನೆ ಆಕೆಯ ದಾಸಿ ಹಾಗರಳೂ ಉಂಟು. ಯಾಕೋಬನ ಹನ್ನೆರಡು ಗಂಡುಮಕ್ಕಳ ತಾಯಂದಿರು ನಾಲ್ವರು. ದಾವೀದನಿಗೆ ಹಲವರು ಪತ್ನಿಯರು. ಸೊಲೊಮೋನನಿಗಂತೂ ಏಳುನೂರು ಮಂದಿ ರಾಣಿಯರೂ ಮುನ್ನೂರು ಮಂದಿ ಉಪಪತ್ನಿಯರೂ ಇದ್ದರೆಂದು ಲೆಕ್ಕವಿದೆ. ಅರಸನು ಹೆಂಡಿರನ್ನು ಬಹಳವಾಗಿ ಕೂಡಿಸಿಕೊಳ್ಳಬಾರದೆಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ, ನಿಜ. ಆದರೆ ಬಹುಪತ್ನೀತ್ವಕ್ಕಾಗಿ ಅಬ್ರಹಾಮನನ್ನಾಗಲಿ ಯಾಕೋಬನನ್ನಾಗಲಿ ಯಾರೂ ದೂಷಿಸಿಲ್ಲ.

ಮೋಶೆಯ ಧರ್ಮಶಾಸ್ತ್ರವೂ ಈ ವಾಡಿಕೆಯನ್ನು ಕಿತ್ತುಹಾಕದೆ ಅದಕ್ಕೊಂದು ಅಂಕೆಯನ್ನು ಹಾಕಿತು. ಇನ್ನೊಬ್ಬಳನ್ನು ತಂದವನು ಮೊದಲಿನವಳ ಅನ್ನ, ಬಟ್ಟೆ, ದಾಂಪತ್ಯದ ಹಕ್ಕುಗಳನ್ನು ಕಡಿಮೆಮಾಡಕೂಡದೆಂದು ವಿಮೋಚನಕಾಂಡ ವಿಧಿಸುತ್ತದೆ. ಪ್ರೀತಿಯ ಹೆಂಡತಿಯ ಮಗನಿಗಾಗಿ, ಅನಾದರಕ್ಕೆ ಒಳಗಾದವಳ ಚೊಚ್ಚಲ ಮಗನ ಹಕ್ಕನ್ನು ಕಸಿಯಬಾರದೆಂದು ಧರ್ಮೋಪದೇಶಕಾಂಡ ಹೇಳುತ್ತದೆ. ಹೆಂಡತಿ ಬದುಕಿರುವಾಗ ಆಕೆಯ ತಂಗಿಯನ್ನೋ ಅಕ್ಕನನ್ನೋ ಸವತಿಯಾಗಿ ತರಬಾರದೆಂದು ಯಾಜಕಕಾಂಡದ ನಿಷೇಧ. ಇಂಥ ಅಂಕೆಗಳು ನಮ್ಮ ಶಾಸ್ತ್ರಗಳಿಗೂ ಹೊಸವಲ್ಲ. ಧರ್ಮಕ್ಕೂ ಸಂತಾನಕ್ಕೂ ಕೊರತೆಯಿಲ್ಲದ ಪತ್ನಿಯಿರುವಾಗ ಮತ್ತೊಬ್ಬಳನ್ನು ತರಬಾರದೆಂಬುದು ಆಪಸ್ತಂಬನ ಮತ. ಎರಡನೆಯ ಮದುವೆಯಾಗುವವನು ಮೊದಲಿನ ಪತ್ನಿಗೆ ಧನವನ್ನು ಕೊಡಬೇಕೆಂಬುದು ಯಾಜ್ಞವಲ್ಕ್ಯನ ವಿಧಿ. ಆ ಧನಕ್ಕೆ ಆಧಿವೇದನಿಕವೆಂದು ಹೆಸರು. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ನಮ್ಮ ಕಲ್ಯಾಣದಲ್ಲಿಯೇ, ವಿಜ್ಞಾನೇಶ್ವರನು ಬರೆದ ಮಿತಾಕ್ಷರೆಯೂ ಇದನ್ನು ಸ್ತ್ರೀಧನದಲ್ಲಿ ಸೇರಿಸಿ ಎಣಿಸುತ್ತದೆ.

ಶಾಸನವು ಅಂಕೆಯಿಟ್ಟು ಸುಮ್ಮನಾದ ಕಡೆ ಕಥೆಗಳು ಮಾತನಾಡುತ್ತವೆ. ಬೈಬಲಿನಲ್ಲಿ ವಿವರವಾಗಿ ವರ್ಣಿತವಾದ ಬಹುಪತ್ನಿಯರ ಮನೆಗಳಲ್ಲಿ ನೆಮ್ಮದಿಯ ಮನೆಯನ್ನು ಹುಡುಕುವುದು ಕಷ್ಟ. ಹಾಗರಳು ಮಗನೊಡನೆ ಅರಣ್ಯದ ಪಾಲಾಗುತ್ತಾಳೆ. ಲೇಯಳೂ ರಾಹೇಲಳೂ ಒಡಹುಟ್ಟಿದವರಾದರೂ ಮಕ್ಕಳ ಎಣಿಕೆಯಲ್ಲಿ ಪಂಥ ಹೂಡುತ್ತಾರೆ. ಎಲ್ಕಾನನ ಪತ್ನಿ ಹನ್ನಳು ಬಂಜೆಯೆಂಬ ಚುಚ್ಚುಮಾತನ್ನು ವರ್ಷವರ್ಷವೂ ಕೇಳಿ ಊಟ ಬಿಟ್ಟು ಅಳುತ್ತಾಳೆ. ಇಲ್ಲಿ ಹನ್ನಳ ಎದುರಾಳಿಯಾದ ಪೆನಿನ್ನಳಿಗೆ ಹೀಬ್ರೂ ಮೂಲದಲ್ಲಿ ಬಳಸಿರುವ ಶಬ್ದವು ವೈರಕ್ಕೂ ಪೀಡೆಗೂ ಸಂಬಂಧಪಟ್ಟದ್ದು. ಸಂಸ್ಕೃತದಲ್ಲಿಯೂ ಸಪತ್ನೀ ಎಂಬ ಶಬ್ದದಿಂದಲೇ ಶತ್ರುವೆಂಬ ಅರ್ಥದ ಸಪತ್ನ ಶಬ್ದ ಹುಟ್ಟಿತೆಂದು ಶಬ್ದಶಾಸ್ತ್ರಜ್ಞರು ಹೇಳುತ್ತಾರೆ; ಆ ಸಪತ್ನಿಯೇ ನಮ್ಮ ಸವತಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ಅನುಭವವನ್ನು ಹೀಗೆ ಶಬ್ದದಲ್ಲಿ ಕಾಪಾಡಿಕೊಂಡಿವೆ. ಸವತಿಮತ್ಸರದ ಹಾಡುಗಳನ್ನು ಕೇಳಿ ಬೆಳೆದ ಧಾರವಾಡ ಸೀಮೆಯ ಹೆಣ್ಣುಮಕ್ಕಳಿಗೆ ಹನ್ನಳ ದುಃಖವನ್ನು ಯಾವ ಪಾದ್ರಿಯೂ ವಿವರಿಸಿ ಹೇಳಬೇಕಾಗಿರಲಿಲ್ಲ.

ಹಾಗಾದರೆ ಏಕಪತ್ನೀತ್ವದ ಆದರ್ಶಕ್ಕೆ ಆಧಾರವೆಲ್ಲಿ? ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ ಗಂಡುಹೆಣ್ಣುಗಳಿಬ್ಬರೂ ಒಂದೇ ಶರೀರವಾಗುವರೆಂಬ ಮಾತಿದೆ. ಯೌವನದಲ್ಲಿ ಕೈಹಿಡಿದವಳಿಗೆ ದ್ರೋಹ ಬಗೆಯುವವರನ್ನು ಪ್ರವಾದಿ ಮಲಾಕಿಯು ಖಂಡಿಸುತ್ತಾನೆ. ವಿವಾಹವಿಚ್ಛೇದದ ವಿಷಯವಾಗಿ ಯೇಸುವನ್ನು ಕೇಳಿದಾಗ ಆತನು ಮೋಶೆಯ ಅನುಮತಿಯನ್ನು ಜನರ ಹೃದಯಕಾಠಿಣ್ಯಕ್ಕೆ ಕೊಟ್ಟ ರಿಯಾಯಿತಿಯೆಂದು ಹೇಳಿ, ಸೃಷ್ಟಿಯ ಮೊದಲಿನ ಸಂಕಲ್ಪವನ್ನೇ ಪ್ರಮಾಣವಾಗಿ ಹಿಡಿದನು. ಸಭಾಧ್ಯಕ್ಷನು ಏಕಪತ್ನಿಯುಳ್ಳವನಾಗಿರಬೇಕೆಂದು ತಿಮೊಥೆಗೆ ಬರೆದ ಮೊದಲನೆಯ ಪತ್ರಿಕೆ ವಿಧಿಸುತ್ತದೆ. ಹಾಗಾದರೆ ಸಾಮಾನ್ಯ ವಿಶ್ವಾಸಿಗಳಲ್ಲಿ ಬಹುಪತ್ನಿಯರುಳ್ಳವರು ಇದ್ದರೆ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಗ್ರೀಕರ ಮತ್ತು ರೋಮನರ ಕಾನೂನು ಮೊದಲೇ ಏಕಪತ್ನೀತ್ವವನ್ನು ಅಂಗೀಕರಿಸಿದ್ದುದೂ ಕ್ರೈಸ್ತಸಭೆಯ ನಿಯಮ ದೃಢವಾಗಲು ನೆರವಾಯಿತು. ಯೆಹೂದ್ಯರಲ್ಲಿಯಾದರೋ ಕ್ರಿ. ಶ. 1000ದ ಸುಮಾರಿನಲ್ಲಿ ಜರ್ಮನ್ ದೇಶದ ಧರ್ಮಗುರು ಗೆರ್ಷೋಮನ ಹೆಸರಿನಲ್ಲಿ ಪ್ರಸಿದ್ಧವಾದ ನಿಷೇಧವು ಯೂರೋಪಿನ ಯೆಹೂದ್ಯರಿಗೆ ನಿಯಮವಾಯಿತು. ಆದರ್ಶ ಹಳೆಯದು, ನಿಷೇಧ ಬೆಳೆದುಬಂದದ್ದು. 1540ರಲ್ಲಿ ಹೆಸ್ಸೆಯ ಪ್ರಭು ಫಿಲಿಪ್ಪನು ಎರಡನೆಯ ಮದುವೆಯಾದಾಗ, ಸ್ವತಃ ಮಾರ್ಟಿನ್ ಲೂಥರನೇ ಅದಕ್ಕೆ ಗುಟ್ಟಾಗಿ ಸಮ್ಮತಿಯಿತ್ತಿದ್ದನೆಂಬುದು ಇತಿಹಾಸ.

ಹೀಗೆ ಬೆಳೆದುಬಂದ ನಿಯಮವನ್ನು ಹೊತ್ತು ಮಿಷನರಿಗಳು ಭಾರತಕ್ಕೆ ಬಂದರು. ದೀಕ್ಷಾಸ್ನಾನ ಬೇಡಿ ಬಂದವನಿಗೆ ಇಬ್ಬರು ಹೆಂಡಿರಿದ್ದರೆ ಮಾಡುವುದೇನು? ಒಬ್ಬಳನ್ನು ಬಿಡು ಎನ್ನೋಣವೆ? ಬಿಟ್ಟವಳಿಗೆ ತವರಿನಲ್ಲಿ ಮರ್ಯಾದೆಯಿಲ್ಲ, ಮಕ್ಕಳಿಗೆ ತಂದೆಯಿಲ್ಲ. ವಿಚ್ಛೇದವನ್ನೇ ಯೇಸು ಒಪ್ಪಲಿಲ್ಲವಲ್ಲ! ಇಟ್ಟುಕೋ ಎನ್ನೋಣವೆ? ಸಭೆಯ ನಿಯಮ ಸಡಿಲುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಕಲ್ಕತ್ತೆಯಲ್ಲಿ ಕೂಡಿದ ಹಲವು ಪಂಗಡಗಳ ಮಿಷನರಿಗಳು ಈ ವಿಷಯವನ್ನು ದೀರ್ಘವಾಗಿ ಚರ್ಚಿಸಿ, ಅಂಥವನು ಮೊದಲೇ ಮದುವೆಯಾದ ಪತ್ನಿಯರೆಲ್ಲರನ್ನೂ ಇಟ್ಟುಕೊಳ್ಳಬಹುದು, ಆದರೆ ಸಭೆಯಲ್ಲಿ ಅಧಿಕಾರಸ್ಥಾನಕ್ಕೆ ಅರ್ಹನಲ್ಲ ಎಂದು ನಿರ್ಣಯಿಸಿದರು. ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಬಿಷಪ್ ಕೊಲೆನ್ಸೊ ಇಂಥದೇ ಪಕ್ಷವನ್ನು ಹಿಡಿದು ನಿಂದೆಗೆ ಗುರಿಯಾದನು. 1888ರಲ್ಲಿ ಲಂಡನಿನ ಲ್ಯಾಂಬೆತಿನಲ್ಲಿ ಕೂಡಿದ ಆಂಗ್ಲಿಕನ್ ಬಿಷಪ್ಪರು ಬಹುಪತ್ನಿಯರುಳ್ಳವನಿಗೆ ದೀಕ್ಷಾಸ್ನಾನವಿಲ್ಲವೆಂದು ಗೊತ್ತುಮಾಡಿದರು. ಆತನ ಪತ್ನಿಯರನ್ನು ಮಾತ್ರ ಕೆಲವು ಸಂದರ್ಭಗಳಲ್ಲಿ ಸೇರಿಸಿಕೊಳ್ಳಬಹುದೆಂದರು. ಸರಿಯಾಗಿ ನೂರು ವರ್ಷಗಳಾದ ಮೇಲೆ, 1988ರಲ್ಲಿ, ಅದೇ ಸಮ್ಮೇಳನವು ಆ ನಿರ್ಣಯವನ್ನು ತಿದ್ದಿತು. ಇನ್ನು ಮುಂದೆ ಬೇರೆ ಮದುವೆಯಾಗೆನೆಂದು ಮಾತು ಕೊಟ್ಟವನನ್ನು ಸಭೆಗೆ ಸೇರಿಸಬಹುದು, ಪತ್ನಿಯರಲ್ಲಿ ಯಾರನ್ನೂ ಬಿಡುವಂತೆ ಬಲಾತ್ಕರಿಸಬಾರದು ಎಂದಿತು. ಬಿಟ್ಟ ಹೆಂಡತಿಗೆ ಒದಗುವ ನಿರ್ಗತಿಯೇ ಅದಕ್ಕೆ ಕೊಟ್ಟ ಕಾರಣ.

ಇನ್ನು ಸರ್ಕಾರದ ಕಟ್ಟಳೆಯ ಕಡೆಗೆ ತಿರುಗೋಣ. ಕ್ರೈಸ್ತರಿಗೆ 1872ರ ವಿವಾಹಶಾಸನ ಆಗಲೇ ಇತ್ತು. ಹಿಂದೂಗಳ ವಿಷಯದಲ್ಲಿ ಕನ್ನಡನಾಡು ಏಕಕಾಲಕ್ಕೆ ಒಂದೇ ನಿಯಮಕ್ಕೆ ಬರಲಿಲ್ಲ. ಮುಂಬಯಿ ಪ್ರಾಂತದ ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳಿಗೆ 1946ರಲ್ಲಿ ನಿಷೇಧ ಬಂದಿತು. ಮದರಾಸು ಪ್ರಾಂತದಲ್ಲಿದ್ದ ಮಂಗಳೂರು, ಬಳ್ಳಾರಿಗಳಿಗೆ 1949ರಲ್ಲಿ. 1955ರ ಹಿಂದೂ ವಿವಾಹಶಾಸನವು ಏಕಪತ್ನೀತ್ವವನ್ನು ಇಡೀ ದೇಶದ ಹಿಂದೂಗಳಿಗೆ ಸಾಮಾನ್ಯವಾಗಿಸಿತು. ಮುಂಬಯಿಯ ಶಾಸನ ತಾರತಮ್ಯದ್ದೆಂಬ ವಾದವನ್ನು ಅಲ್ಲಿಯ ಹೈಕೋರ್ಟು 1951ರಲ್ಲಿ ತಳ್ಳಿಹಾಕಿತು. ಈ ಶಾಸನಗಳು ಮುಂದಿನ ದ್ವಿವಿವಾಹಗಳನ್ನು ಅಸಿಂಧುವೆಂದವೇ ಹೊರತು, ಹಿಂದೆ ನ್ಯಾಯವಾಗಿ ನಡೆದ ಮದುವೆಗಳನ್ನು ಮುರಿಯಲಿಲ್ಲ. ಅಂಥ ಮನೆಯ ಪತ್ನಿ ತಾನಾಗಿ ಬೇರೆಯಾಗಬಯಸಿದರೆ 1955ರ ಶಾಸನ ಆಕೆಗೆ ವಿಚ್ಛೇದದ ಹಕ್ಕನ್ನು ಕೊಟ್ಟಿತು. ಕಲ್ಕತ್ತೆಯ ಪಾದ್ರಿಗಳು ಇದ್ದ ಮದುವೆಯನ್ನು ಮುರಿಯದೆ ಉಳಿಸಿದ್ದರು. ಇಲ್ಲಿ ಅದರೊಡನೆ ಬಿಡುವ ಆಯ್ಕೆಯೂ ಹೆಂಗಸಿನ ಕೈಗೆ ಬಂದಿತು.

ಆದರೂ ಸಮಸ್ಯೆ ಪೂರ್ತಿಯಾಗಿ ಬಗೆಹರಿಯಲಿಲ್ಲ. ನಿಷೇಧ ಬಂದ ಮೇಲೂ ಮೊದಲ ಮದುವೆಯನ್ನು ಮರೆಮಾಚಿ ಎರಡನೆಯದಕ್ಕೆ ಕೈಹಾಕುವವರು ಇದ್ದೇ ಇದ್ದಾರೆ. ಮೋಸ ಹೋದವಳು ಕಾನೂನಿನ ದೃಷ್ಟಿಯಲ್ಲಿ ಪತ್ನಿಯೇ ಅಲ್ಲ. ತಪ್ಪು ಗಂಡಸಿನದಾದರೂ ದಂಡ ತೆರುವವಳು ಅವಳು. ಅಂಥ ಮದುವೆಯ ಮಕ್ಕಳನ್ನು ಶಾಸನವು ಔರಸರೆಂದೇ ಎಣಿಸುತ್ತದೆ. ಹೀಗೆ ವಂಚಿತಳಾದವಳಿಗೂ ಜೀವನಾಂಶ ಸಲ್ಲಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ತೀರ್ಪಿತ್ತಿತು. ಅನ್ನಬಟ್ಟೆಗಳನ್ನು ಕಡಿಮೆಮಾಡಬೇಡ ಎಂಬ ವಿಮೋಚನಕಾಂಡದ ವಿಧಿಯೂ, ಆಧಿವೇದನಿಕದ ವಿಧಿಯೂ ರಕ್ಷಿಸಹೊರಟದ್ದು ಇಂಥ ಹೆಂಗಸಿನ ಬಾಳನ್ನೇ.

ಏಕಪತ್ನೀತ್ವವು ಉತ್ತಮ ಧರ್ಮವೆಂಬುದರಲ್ಲಿ ಇಂದು ಸಂದೇಹವಿಲ್ಲ. ಹನ್ನಳ ಕಣ್ಣೀರೇ ಅದಕ್ಕೆ ಸಾಕ್ಷಿ. ಆದರೆ ಉತ್ತಮ ಧರ್ಮವನ್ನು ತರುವವರು ಅದರ ಬೆಲೆಯನ್ನು ಯಾರ ತಲೆಯ ಮೇಲೆ ಹೊರಿಸುತ್ತಾರೆಂಬುದನ್ನೂ ನೋಡಬೇಕು. ಮನೆಯ ಶುದ್ಧಿಗೆಂದು ಹಾಗರಳನ್ನು ಅರಣ್ಯಕ್ಕೆ ಅಟ್ಟುವುದು ಸುಲಭ. ಅವಳ ಮಗುವಿಗೆ ಅಲ್ಲಿ ನೀರಿನ ಬಾವಿಯನ್ನು ತೋರಿಸಿದವನು ದೇವರೇ ಎಂದು ಅದೇ ಗ್ರಂಥ ಹೇಳುವುದನ್ನು ನಿಯಮಗಳನ್ನು ಮಾಡುವವರು ಮರೆಯಬಾರದು.