ಒಂದೇ ಬಾವಿ, ಎರಡು ಪಾಳಿ

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಲೇಖನ ಕೊಡಬೇಕೆಂದು ಗುರುಗಳು ಫೋನ್ ಮಾಡಿದಾಗ, ಹೊರ್ತಿಯ ಚರಿತ್ರೆ ಬರೆಯುವಷ್ಟು ಓದು ನನಗಿಲ್ಲವೆಂದು ಹಿಂಜರಿದೆ. "ನಿನಗ ಗೊತ್ತಿದ್ದದ್ದರ ಚರಿತ್ರಿ ಬರಿಯೋ" ಎಂದರು. ನನಗೆ ಗೊತ್ತಿರುವುದು ಕಂಪ್ಯೂಟರ್. ಆದ್ದರಿಂದ ಅಂಗೈಯಗಲದ ಒಂದು ಕಂಪ್ಯೂಟರಿನ ಚರಿತ್ರೆಯನ್ನೂ, ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಅಕ್ಕನ ಮಗ ಒಂಬತ್ತನೆಯ ತರಗತಿ. ನಾವು ಹುಡುಗರಿದ್ದಾಗ ಟಿವಿಗೆ ಜೋಡಿಸಿ ಆಡುತ್ತಿದ್ದ ಮಾರಿಯೋ, ಕಾಂಟ್ರಾ ಆಟಗಳನ್ನು ಅವನೂ ಆಡಲೆಂದು, ನನ್ನ ಹಳೆಯ ರಾಸ್ಪ್‌ಬೆರಿ ಪೈ ಬೋರ್ಡಿಗೆ ರೆಟ್ರೋಪೈ ತಂತ್ರಾಂಶ ಹಾಕಿ ದೀಪಾವಳಿಗೆ ಕೊಟ್ಟೆ. ಯುಗಾದಿಗೆ ಊರಿಗೆ ಬಂದಾಗ ಅದು ಟಿವಿಯ ಹತ್ತಿರ ಇರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದ. "ದೊಡ್ಡ ಆಟ ಹಚ್ಚಿದರ ಬಂದಾಗತದ ಮಾಮಾ. ನಾ ಏನೂ ಕೆಡಿಸಿಲ್ಲ" ಎಂದ. ಐದು ತಿಂಗಳು ಆ ಹುಡುಗ ತಾನೇ ಕೆಡಿಸಿದೆನೆಂಬ ಅಂಜಿಕೆಯಲ್ಲಿದ್ದ.

ಕೆಡಿಸಿದವನು ನಾನು. ಆ ಬೋರ್ಡಿನಲ್ಲಿರುವುದು 512 ಎಂಬಿ ಮೆಮೊರಿ. ಪ್ರೋಗ್ರಾಂ ನಡೆಸುವ ಪ್ರೊಸೆಸರಿಗೂ ಪರದೆಯ ಮೇಲೆ ಚಿತ್ರ ಮೂಡಿಸುವ ಗ್ರಾಫಿಕ್ಸ್ ಭಾಗಕ್ಕೂ ಅದೊಂದೇ ಆಧಾರ. ಅಣ್ಣತಮ್ಮಂದಿರ ನಡುವೆ ಒಂದೇ ಬಾವಿ ಇದ್ದಂತೆ: ಲಿಂಬಿ ತೋಟಕ್ಕೆ ಹೆಚ್ಚು ಬಿಟ್ಟರೆ ಜೋಳಕ್ಕೆ ಕಡಿಮೆ. ಯಾರ ಪಾಲು ಎಷ್ಟು ಎಂಬುದನ್ನು ಕಾರ್ಡಿನಲ್ಲಿರುವ ಕಾನ್ಫಿಗ್ ಎಂಬ ಕಡತದಲ್ಲಿ 'ಜಿಪಿಯು ಮೆಮ್' ಎಂಬ ಒಂದು ಸಾಲು ಹೇಳುತ್ತದೆ. ಆಟವೆಂದರೆ ಚಿತ್ರ, ಚಿತ್ರಕ್ಕೆ ಹೆಚ್ಚು ಕೊಟ್ಟಷ್ಟೂ ಒಳ್ಳೆಯದೆಂದು ನಾನು 384 ಬರೆದಿದ್ದೆ. ಉಳಿದ ಎಲ್ಲ ಕೆಲಸಕ್ಕೆ 128 ಮಾತ್ರ ಉಳಿಯಿತು. ಮಾರಿಯೋದಂಥ ಸಣ್ಣ ಆಟ ಅದರಲ್ಲಿ ನಡೆಯಿತು. ನಾನು ಪರೀಕ್ಷೆ ಮಾಡಿದ್ದೂ ಅದೊಂದನ್ನೇ. ಆರ್ಕೇಡಿನ ದೊಡ್ಡ ಆಟಗಳು ತಮ್ಮ ಕಡತವನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತವೆ. ಅವು ಜಾಗ ಸಾಲದೆ ಮುಚ್ಚಿಹೋದವು. 384 ಅಳಿಸಿ 256 ಬರೆದೆ. ಎರಡೂ ಕಡೆ ಸಮಪಾಲು. ಆಟ ನಡೆಯಿತು.

ಈ ಪಾಲು ಹಂಚುವ ಕೆಲಸ ಹೊಸದಲ್ಲ. 1983ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ತಂದ ಫ್ಯಾಮಿಕಾಮ್ ಯಂತ್ರದಲ್ಲಿ ಕೆಲಸಕ್ಕೆ 2 ಕೆಬಿ, ಚಿತ್ರಕ್ಕೆ ಬೇರೆಯೇ 2 ಕೆಬಿ ಇತ್ತು. ಅಲ್ಲಿ ಬಾವಿಗಳೇ ಎರಡು. ಆದರೆ ಇಂಗ್ಲೆಂಡಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಬಿಬಿಸಿ ಮೈಕ್ರೋದಲ್ಲಿ ಬಾವಿ ಒಂದೇ. ಅದರ ಬಿ ಮಾದರಿಯಲ್ಲಿದ್ದ 32 ಕೆಬಿಯಲ್ಲಿ ಸ್ಪಷ್ಟ ಚಿತ್ರದ ಪರದೆ 20 ಕೆಬಿ ನುಂಗುತ್ತಿತ್ತು, ಬರೀ ಅಕ್ಷರದ ಪರದೆಗೆ 1 ಕೆಬಿ ಸಾಕಾಗುತ್ತಿತ್ತು. 1984ರಲ್ಲಿ ಭಾರತ ಸರ್ಕಾರದ 'ಕ್ಲಾಸ್' ಯೋಜನೆಯಲ್ಲಿ ಆಯ್ದ ಶಾಲೆಗಳಿಗೆ ಬಂದದ್ದು ಇದೇ ಯಂತ್ರ.

ಅದೇ ಏಕಾರ್ನ್ ಎಂಜಿನಿಯರುಗಳು 1985ರಲ್ಲಿ ಆರ್ಮ್ ಎಂಬ ಚಿಪ್ ಮಾಡಿದರು. ಅದರ ವಂಶದ ಒಂದು ಚಿಪ್ ನಮ್ಮ ರಾಜ್ಯದ ಸಿಂಪ್ಯೂಟರಿನಲ್ಲಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ ರೂಪಿಸಿದ ಕೈ ಕಂಪ್ಯೂಟರ್ ಅದು. ಕನ್ನಡವನ್ನು ಓದಿ ಹೇಳುವ ತಂತ್ರಾಂಶವನ್ನೂ ಅದಕ್ಕಾಗಿ ಮಾಡಿದ್ದರು. ಒಂದು ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಲಿ ಎಂಬುದು ಅವರ ಆಲೋಚನೆ. 2004ರಲ್ಲಿ ಅದು 'ಅಮಿಡಾ' ಎಂಬ ಹೆಸರಿನಲ್ಲಿ ಅಂಗಡಿಗೆ ಬಂತು, ಆದರೆ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ನಮ್ಮಂಥವರ ಕೈಗೆ ಎಟುಕಿದ್ದು ಇನ್ನೊಂದು ಯಂತ್ರ: 2012ರ ಫೆಬ್ರವರಿ 29ರಂದು ಮಾರಾಟಕ್ಕೆ ಬಂದ ರಾಸ್ಪ್‌ಬೆರಿ ಪೈ. ಅದರ ಪ್ರೊಸೆಸರ್ ಕೂಡ ಆರ್ಮ್ ವಂಶದ್ದೇ.

ಮೊದಮೊದಲು ಅದರ ಮೆಮೊರಿಯ ಪಾಲು ಬದಲಿಸಲು ಬೇರೆಯೇ ಫರ್ಮ್‌ವೇರ್ ಕಡತ ಹಾಕಬೇಕಿತ್ತು. ಆಮೇಲೆ ಅದು ಒಂದು ಸಾಲಿನ ಕೆಲಸವಾಯಿತು. 2019ರ ಪೈ 4ರಲ್ಲಿ ಮೂರು ಆಯಾಮದ ಚಿತ್ರ ಬಿಡಿಸುವ ಭಾಗ ತನಗೆ ಬೇಕಾದಷ್ಟನ್ನು ಮುಖ್ಯ ಮೆಮೊರಿಯಿಂದ ತಾನೇ ಪಡೆಯುತ್ತದೆ. ಅಲ್ಲಿ ಆ ಸಾಲಿನ ಅಂಕಿ ದೊಡ್ಡದು ಮಾಡಿದರೆ ಆಟಕ್ಕೆ ಲಾಭವಿಲ್ಲ, ಉಳಿದ ಕೆಲಸಕ್ಕೆ ನಷ್ಟ.

ಇಷ್ಟೆಲ್ಲ ಹೇಳಿದ ಮೇಲೆ ಅಳಿಯ ಕೇಳಿದ: "ಹಂಗಾದರ ತಪ್ಪು ಬರದರ ಯಂತ್ರ ಸುಡಂಗಿಲ್ಲೇನು ಮಾಮಾ?" ಈ ಪಾಲು ತಪ್ಪಿದರೆ ಸುಡುವುದಿಲ್ಲ. ಕಾರ್ಡು ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿ ಆ ಸಾಲು ತಿದ್ದಿದರೆ ಮೊದಲಿನಂತಾಗುತ್ತದೆ. ಆ ಮಾತನ್ನು ದೀಪಾವಳಿಯಲ್ಲೇ ಹೇಳಿದ್ದರೆ ಆ ಬೋರ್ಡು ಟ್ರಂಕು ಸೇರುತ್ತಿರಲಿಲ್ಲ. ಬಿ.ಇ. ಓದಿದ ನಾನು ಯಂತ್ರ ಕೊಟ್ಟೆ, ಅದರ ಅಂಜಿಕೆ ತೆಗೆಯಲಿಲ್ಲ.

ಈ ಸಮಾರಂಭಕ್ಕೆ ಬರುವಾಗ ಅಂಥದೇ ಒಂದು ಬೋರ್ಡನ್ನು ಶಾಲೆಗೆ ತರುತ್ತಿದ್ದೇನೆ. ಗುರುಗಳಲ್ಲಿ ಒಂದೇ ವಿನಂತಿ: ಮಕ್ಕಳು ಅದರ ಕಡತ ತೆರೆದು ಅಂಕಿ ಬದಲಿಸಲಿ, ಆಟ ನಿಂತರೆ ನಿಲ್ಲಲಿ, ಮತ್ತೆ ಅವರೇ ತಿದ್ದಲಿ. ಯಾರನ್ನೂ ಬೈಯಬೇಡಿರಿ.