ಮೆಯ್

ಚೆನ್ನೈನ ಕಾಸಿಮೇಡು ಮೀನು ಬಂದರಿನಲ್ಲಿ ಮಾರುವವಳು 'ವಂಜರಂ ಇವತ್ತಿಂದೇ' ಅಂದಳೆನ್ನಿ (ನಮ್ಮ ಕರಾವಳಿಯ ಅಂಜಲ್ ಅದೇ). ಗಿರಾಕಿ ಅಪ್ಪಟ ಮದ್ರಾಸಿನವನಾದರೆ ಕೇಳುತ್ತಾನೆ: 'ಮೆಯ್ಯಾಲುಮಾ?' ನಿಜವಾಗ್ಲೂನಾ?

ತಮಿಳಿನಲ್ಲಿ ಮೆಯ್ ಎಂದರೆ ನಿಜ, ದೇಹವೂ ಹೌದು. ನಮ್ಮ 'ಮೈ' ಅದರ ಒಡಹುಟ್ಟು, ಹಳಗನ್ನಡದಲ್ಲಿ ಇದೂ ಮೆಯ್ಯೇ. ಕನ್ನಡ ದೇಹವನ್ನಷ್ಟೇ ಇಟ್ಟುಕೊಂಡಿತು. ಹಾಗಾಗಿ ತಮಿಳರ 'ಮೆಯ್ಯಿಯಲ್' (ನಿಜದ ಶಾಸ್ತ್ರ) ನಮಗೆ ತತ್ತ್ವಶಾಸ್ತ್ರ. 'ತತ್' ಅಂದರೆ ಅದು, ತತ್ತ್ವ ಅಂದರೆ 'ಅದುತನ'. ನನಗೇನೋ ಮೆಯ್ಯೇ ಇಷ್ಟ, ಮುಟ್ಟಿ ನೋಡಬಹುದು.

ಗಿರಾಕಿ ಮಾಡುವುದೂ ಅದನ್ನೇ. ಮಾರುವವಳ ಮಾತು ನ್ಯಾಯದರ್ಶನದ ನೈಯಾಯಿಕರ ಲೆಕ್ಕದಲ್ಲಿ ಶಬ್ದ ಪ್ರಮಾಣ; ಅವಳು ಆಪ್ತಳೋ, ಅಂದರೆ ನಂಬಲರ್ಹಳೋ, ಅಲ್ಲವೋ ಎಂಬುದೇ ಪ್ರಶ್ನೆ. ಅವನು ಬೆರಳಿಂದ ಕಿವಿರೆತ್ತುತ್ತಾನೆ. ಕೆಂಪಗಿದೆ: ಪ್ರತ್ಯಕ್ಷ. ಕೆಂಪಗಿದ್ದರೆ ತಾಜಾ: ಅನುಮಾನ (ಸಂಶಯವಲ್ಲ, ತರ್ಕ). ಆಮೇಲೆ ಚೌಕಾಸಿ.